ಅಳೆದು ಸುರಿಯೋಣ



ಮಳೆಗಾಲ ಸಮೀಪಿಸುತ್ತಿದೆ. ತೋಟಗಳಲ್ಲಿ ಸುಣ್ಣ, ಮೈಲುತುತ್ತ, ಪಂಪು, ಪೈಪುಗಳ ಮಾತು ಆರಂಭವಾಗಿದೆ. ಮದ್ದಿನ ಬೆಲೆಯ ಬಗ್ಗೆ, ಅದರ ಗುಣಮಟ್ಟದ ಬಗ್ಗೆ, ಆಳುಗಳ ಅಭಾವದ ಬಗ್ಗೆ ಸದಸ್ಯರು ಸಂಘದ ಕಚೇರಿಗೆ ಬಂದು ಮಾತನಾಡುವುದು ಪ್ರತಿ ವರ್ಷದ ವಾಡಿಕೆ. ಆದರೆ ಮದ್ದು ಎಷ್ಟು, ನೀರು ಎಷ್ಟು ಎಂದು ಕೇಳುವವರು ವಿರಳ. ಅದು ಎಲ್ಲರಿಗೂ ತಿಳಿದ ವಿಷಯವೆಂದು ನಾವೆಲ್ಲರೂ ಭಾವಿಸಿದ್ದೇವೆ. ಹಾಗೆ ಭಾವಿಸಿ ನಾವೇ ಮಾಡಿಕೊಂಡ ಪ್ರಮಾದವನ್ನು ಮೊದಲು ಒಪ್ಪಿಕೊಂಡು, ಆಮೇಲೆ ಇತರರಿಗೆ ಹೇಳುವುದು ನ್ಯಾಯವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಡಿಕೆ ತೋಟದಲ್ಲಿ ಮದ್ದು ಕಲೆಸುತ್ತಿದ್ದ ಹಳೆಯ ಪ್ಲಾಸ್ಟಿಕ್ ಪೀಪಾಯಿ ಒಡೆದುಹೋಗಿ, ಪೇಟೆಯಿಂದ ಹೊಸ ಡ್ರಮ್ಮು ತರಿಸಿದೆವು. ಹಳೆಯದು 200 ಲೀಟರಿನದು, ಹೊಸದು 250 ಲೀಟರಿನದು. ವಾಡಿಕೆಯಂತೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ ಹಾಕಿ ಕಂಠಮಟ್ಟ ನೀರು ತುಂಬಿದೆವು. ಆ ವರ್ಷ ಶ್ರಾವಣದಲ್ಲಿ ಕೊಳೆರೋಗ ಕಾಣಿಸಿಕೊಂಡು ಎಳೆಯ ಕಾಯಿಗಳು ಮರದ ಬುಡದಲ್ಲಿ ಹಾಸಿ ಬಿದ್ದವು. ನಾವು ಮೈಲುತುತ್ತವನ್ನು ದೂರಿದೆವು, ಬಿಡುವು ಕೊಡದ ಮಳೆಯನ್ನು ದೂರಿದೆವು, ಮದ್ದು ಹೊಡೆದವರನ್ನೂ ದೂರಿದೆವು. ಎರಡನೆಯ ಸಿಂಪರಣೆಯ ದಿನ, ಪೈಪು ಹಿಡಿಯಲು ಬಂದಿದ್ದ ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆಯ ಆಳೊಬ್ಬ ಡ್ರಮ್ಮಿನ ಪಕ್ಕದಲ್ಲಿ ನಿಂತು ಹೇಳಿದ ಮಾತು ಇಷ್ಟೆ: "ಸಾವ್ಕಾರ್ರೆ, ಡ್ರಮ್ಮು ದೊಡ್ಡದಾತು, ಮದ್ದು ಅಷ್ಟೇ ಐತಲ್ರಿ. ನಮ್ ಕಡೆ ಹಿಂಗ ಮಾಡಿದ್ರ ಹುಳ ನಕ್ಕೋತ ಕುಂದರತಾವು."

ಲೆಕ್ಕ ಹಾಕಿ ನೋಡಿದೆವು. 100 ಲೀಟರಿಗೆ 1 ಕಿಲೋ ಎಂದರೆ ಶೇಕಡ 1ರ ಬೋರ್ಡೋ ದ್ರಾವಣ. 250 ಲೀಟರಿಗೆ 2 ಕಿಲೋ ಎಂದರೆ ಶೇಕಡ 0.8. ಐದರಲ್ಲಿ ಒಂದು ಪಾಲು ಮದ್ದನ್ನು ನಾವೇ ಕಡಿಮೆ ಮಾಡಿದ್ದೆವು. ಕೊಳೆ ಬರಲು ಅದೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೆ ಪದವಿ ಪಡೆದು, ಸಂಘದ ಲೆಕ್ಕಪತ್ರಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವರಿಗೆ ಹೊಳೆಯದ ಲೆಕ್ಕ ಒಬ್ಬ ಕೂಲಿಯಾಳಿಗೆ ಹೊಳೆಯಿತು ಎಂಬುದನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ.

ಈ ಅಳತೆ ಹೊಸದೇನೂ ಅಲ್ಲ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣದ ಗುಣವನ್ನು ಪ್ರಕಟಿಸಿದ್ದು 1885ರಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗದ ಮೇಲೆ ಪ್ರಕಟಣೆ ಹೊರಡಿಸಿದ್ದು 1910ರಲ್ಲಿ. ಅವರ ಕಾಲದಿಂದ ನಮ್ಮ ಮಲೆನಾಡಿನಲ್ಲಿ ಈ ಮದ್ದು ನೆಲೆಗೊಂಡಿತು. ನೂರು ವರ್ಷಕ್ಕೂ ಮಿಕ್ಕಿ ಬಳಸುತ್ತಿರುವ ಮದ್ದಿನಲ್ಲಿಯೇ ನಮ್ಮ ಅಳತೆ ಹೀಗಿರುವಾಗ, ನೆನ್ನೆ ಮೊನ್ನೆ ಮಾರುಕಟ್ಟೆಗೆ ಬಂದ ಔಷಧಿಗಳ ಗತಿಯೇನು ಎಂಬ ಯೋಚನೆ ನಮ್ಮನ್ನು ಬಿಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಪವರ್ ಸ್ಪ್ರೇಯರುಗಳ ಬೆಲೆ ವಿಚಾರಿಸುವ ನೆಪದಲ್ಲಿ ಬಳ್ಳಾರಿಗೆ ಹೋಗುವ ಸಂದರ್ಭ ಬಂದಿತು. ಆ ಆಳೂ ಊರಿಗೆ ಹೊರಟಿದ್ದ, ಜೊತೆಯಾದ. ಬಳ್ಳಾರಿ ನಗರದಲ್ಲಿ ಕೋಟೆ ಗುಡ್ಡದ ಕಡೆಯಿಂದ ಬರುವಾಗ ನಮ್ಮ ಜೀಪು ಧೂಳು ಹಿಡಿದಿದ್ದರಿಂದ ರಸ್ತೆ ಬದಿಯ ವಾಟರ್ ಸರ್ವಿಸ್ ಒಂದರಲ್ಲಿ ನಿಲ್ಲಿಸಿದೆವು. ಸಂಡೂರು ಗಣಿಗಳ ಕಡೆಯ ಕೆಂಪು ಧೂಳು ಮೆತ್ತಿದ ಲಾರಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ನೋಡಿದರೆ ಅಲ್ಲಿ ತಿರುಗುತ್ತಿದ್ದುದು ನಾವು ಅಡಿಕೆ ಮರಕ್ಕೆ ಮದ್ದು ಹೊಡೆಯುವ ಅದೇ ಬಗೆಯ ಮೂರು ಪಿಸ್ಟನ್ನಿನ ಪಂಪು! ನಮ್ಮಲ್ಲಿ ಬೋರ್ಡೋ, ಅಲ್ಲಿ ಸಾಬೂನಿನ ನೀರು, ವ್ಯತ್ಯಾಸ ಅಷ್ಟೆ.

ಗನ್ನಿಗೆ ಒಂದು ಡಬ್ಬಿ ಸಿಕ್ಕಿಸಿ ನೊರೆ ಹೊಡೆಯುತ್ತಿದ್ದರು. ನೀರು ರಭಸದಿಂದ ಹೋಗುವಾಗ ಡಬ್ಬಿಯ ಸಾಬೂನನ್ನು ತಾನೇ ಎಳೆದುಕೊಳ್ಳುತ್ತದೆ. ಎಷ್ಟಕ್ಕೆ ಎಷ್ಟು ಎಂದು ಅಂಗಡಿಯವರನ್ನು ಕೇಳಿದೆವು. ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ತೋರಿಸಿದರು. ಡಬ್ಬಿಯೊಳಗೆ ಸಾಬೂನು 1 ಪಾಲು, ನೀರು 4 ಪಾಲು. ಅಂದರೆ ಐದರಲ್ಲಿ ಒಂದು. ಗನ್ನು ಡಬ್ಬಿಯಿಂದ 1 ಪಾಲು ಎಳೆದುಕೊಂಡರೆ ಪೈಪಿನಿಂದ 19 ಪಾಲು ನೀರು ಕೂಡುತ್ತದೆ; ಅಂದರೆ ಇಪ್ಪತ್ತರಲ್ಲಿ ಒಂದು. ಕೊನೆಗೆ ಗಾಡಿಯ ಮೈಮೇಲೆ ಬೀಳುವುದು ಐದು ಇಪ್ಪತ್ತಲೆ ನೂರು, ನೂರರಲ್ಲಿ ಒಂದು. ಎರಡು ಕಡೆ ನೀರು ಸೇರಿದಾಗ ಆ ಎರಡು ಅಂಕಿಗಳನ್ನು ಗುಣಿಸಬೇಕು, ಕೂಡಿಸಬಾರದು. ಕೂಡಿಸಿದವನಿಗೆ ಇಪ್ಪತ್ತೈದರಲ್ಲಿ ಒಂದು ಎಂಬ ಉತ್ತರ ಬಂದು, ಮದ್ದು ಖಾರವಾಯಿತೆಂದು ಇನ್ನಷ್ಟು ನೀರು ಸುರಿಯುತ್ತಾನೆ.

"ಇಷ್ಟು ಲೆಕ್ಕ ಯಾಕಪ್ಪಾ?" ಎಂದೆವು. "ಹೆಚ್ಚಾದ್ರ ಬಣ್ಣ ಹೋಗ್ತೈತ್ರಿ, ಗಿರಾಕಿ ಸುಮ್ನ ಬಿಡಂಗಿಲ್ಲ. ಕಡಿಮಿ ಆದ್ರ ಧೂಳು ಹೋಗಂಗಿಲ್ಲ" ಎಂದರು. ಲಾರಿಯ ಬಣ್ಣಕ್ಕೆ ಅಷ್ಟು ಜಾಗ್ರತೆ ಇದೆ. ಬಾಯಿಗೆ ಹೋಗುವ ಬೆಳೆಗೆ ಅದರ ಅರ್ಧ ಜಾಗ್ರತೆಯಾದರೂ ಇರಬೇಡವೇ?

ಮತ್ತೊಂದು ಮಾತನ್ನೂ ಅವರೇ ಹೇಳಿದರು. "ಒಂದಕ್ಕೆ ಹತ್ತು" ಎಂದರೆ ಒಂದು ಪಾಲು ಮದ್ದಿಗೆ ಹತ್ತು ಪಾಲು ನೀರು, ಒಟ್ಟು ಹನ್ನೊಂದು. "ಹತ್ತರಲ್ಲಿ ಒಂದು" ಎಂದರೆ ಒಂದು ಪಾಲು ಮದ್ದು, ಒಂಬತ್ತು ಪಾಲು ನೀರು. ಮೊದಲನೆಯದು ಶೇಕಡ 9ರ ಆಸುಪಾಸು, ಎರಡನೆಯದು ಶೇಕಡ 10. ಸಾವಿರ ಲೀಟರಿಗೆ ಒಂದು ಲೀಟರು ಹಾಕುವಲ್ಲಿ ಈ ಭೇದ ಲೆಕ್ಕಕ್ಕಿಲ್ಲ. ಗಾಢವಾಗಿ ಕಲೆಸುವಲ್ಲಿ ಅದನ್ನು ಮರೆಯುವಂತಿಲ್ಲ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋದೆವು. ತುಂಗಭದ್ರಾ ಕಾಲುವೆಯ ನೀರು ಹರಿದ ಕಡೆಯಲ್ಲೆಲ್ಲ ಭತ್ತ. ಕಂದು ಜಿಗಿಹುಳು ಆ ಸೀಮೆಯ ಭತ್ತಕ್ಕೆ ದೊಡ್ಡ ಶತ್ರು. ಆ ಕಡೆ ಕೀಟನಾಶಕಕ್ಕೆ "ಎಣ್ಣಿ" ಎನ್ನುತ್ತಾರೆ. ಸಿಂಪರಣೆ ಎಂದರೆ "ಎಣ್ಣಿ ಹೊಡೆಯೋದು". ಅಲ್ಲಿ ಒಬ್ಬ ಹಿರಿಯ ರೈತರ ಗದ್ದೆಯ ಬದುವಿನಲ್ಲಿ ಕುಳಿತು ಅವರ ಖಾಲಿ ಡಬ್ಬಿಯ ಚೀಟಿಯನ್ನು ಓದಿದೆವು. ಅಕ್ಷರ ಎಷ್ಟು ಸಣ್ಣದೆಂದರೆ ನಮ್ಮ ಕನ್ನಡಕ ಸಾಲದೆ, ಶಾಲೆಗೆ ಹೋಗುವ ಅವರ ಮೊಮ್ಮಗನಿಂದ ಓದಿಸಬೇಕಾಯಿತು. ಪ್ರಮಾಣವನ್ನು ಹೆಕ್ಟೇರಿಗೆ ಇಷ್ಟು ಎಂದು ಬರೆದಿತ್ತು. ಆ ಹಿರಿಯರು ಅಷ್ಟೂ ವರ್ಷ ಅದನ್ನು ಎಕರೆಯ ಲೆಕ್ಕವೆಂದೇ ತಿಳಿದಿದ್ದರು!

ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಉದಾಹರಣೆಗೆ, ಚೀಟಿಯಲ್ಲಿ ಹೆಕ್ಟೇರಿಗೆ 500 ಮಿ.ಲೀ. ಎಂದಿದ್ದರೆ ಎಕರೆಗೆ 200 ಮಿ.ಲೀ. ಸಾಕು. ಅದನ್ನು ಎಕರೆಗೆ 500 ಎಂದು ಓದಿದವನು ಎರಡೂವರೆ ಪಟ್ಟು ವಿಷ ಸುರಿದ ಹಾಗಾಯಿತು. ದುಡ್ಡೂ ಎರಡೂವರೆ ಪಟ್ಟು ಹೋಯಿತು. ಹೆಚ್ಚಿಗೆ ಹೊಡೆದರೆ ಹುಳು ಹೆಚ್ಚು ಸಾಯುತ್ತದೆ ಎಂಬ ನಂಬಿಕೆಯೂ ನಿಜವಲ್ಲ. ಜಿಗಿಹುಳುವನ್ನು ತಿಂದು ಬದುಕುವ ಜೇಡ ಮುಂತಾದವು ಮೊದಲು ಸತ್ತು, ಜಿಗಿಹುಳು ಮತ್ತೆ ಮೊದಲಿಗಿಂತ ಹೆಚ್ಚಾಗಿ ಬರುವುದನ್ನು ಭತ್ತದ ಸೀಮೆಗಳಲ್ಲಿ ವಿಜ್ಞಾನಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಇನ್ನೊಂದು ಎಡವಟ್ಟು ಟ್ಯಾಂಕಿನ ಲೆಕ್ಕದ್ದು. ಎಕರೆಗೆ 200 ಮಿ.ಲೀ. ಮದ್ದು, 200 ಲೀಟರು ನೀರು ಎಂದುಕೊಳ್ಳೋಣ. ಬೆನ್ನಿಗೆ ಹೊರುವ 16 ಲೀಟರಿನ ಟ್ಯಾಂಕಿಗೆ 16 ಮಿ.ಲೀ. ಬಂತು, ಹನ್ನೆರಡೂವರೆ ಟ್ಯಾಂಕಿಗೆ ಎಕರೆ ಮುಗಿಯಬೇಕು. ಬೆಳೆ ದಟ್ಟವಾಗಿದೆ ಎಂದು 20 ಟ್ಯಾಂಕು ಹೊಡೆದರೆ 320 ಮಿ.ಲೀ. ಹೋಯಿತು. ಕೈ ಬೀಸಿ 8 ಟ್ಯಾಂಕಿಗೆ ಮುಗಿಸಿದರೆ 128 ಮಿ.ಲೀ. ಮಾತ್ರ. ಅರೆಬರೆ ವಿಷ ತಿಂದು ಬದುಕಿ ಉಳಿದ ಹುಳುಗಳೇ ಮುಂದೆ ಆ ಮದ್ದಿಗೆ ಬಗ್ಗದ ಸಂತತಿಯನ್ನು ಬೆಳೆಸುತ್ತವೆ. ಪವರ್ ಸ್ಪ್ರೇಯರ್ ಬಂದ ಮೇಲೆ ಎಕರೆಗೆ 400 ಲೀಟರು ನೀರು ಹೋಗುವುದುಂಟು. ಅಲ್ಲಿಯೂ ಲೀಟರಿಗೆ 1 ಮಿ.ಲೀ. ಎಂಬ ಹಳೆಯ ಪಾಠವನ್ನೇ ಹಿಡಿದರೆ ಎಕರೆಗೆ 400 ಮಿ.ಲೀ. ಆಯಿತು. ಯಂತ್ರ ಬದಲಾದಾಗ ಲೆಕ್ಕವೂ ಬದಲಾಗಬೇಕು. ಸಿಂಪರಣೆಯ ಕೂಲಿಯನ್ನು ಟ್ಯಾಂಕಿನ ಮೇಲೆ ಕೊಡುವ ಕಡೆಯಂತೂ ಟ್ಯಾಂಕುಗಳನ್ನು ಕಡಿಮೆ ಮಾಡಲು ಹೊಡೆಯುವವನಿಗೆ ಕಾರಣವೇ ಇರುವುದಿಲ್ಲ. ಇದಕ್ಕೆ ಅವನನ್ನು ದೂರಿ ಫಲವಿಲ್ಲ. ಕೂಲಿಯ ಕ್ರಮವನ್ನು ಗೊತ್ತು ಮಾಡಿದವರು ಜಮೀನಿನವರು.

ಅಲ್ಲಿಂದ ಕುರುಗೋಡಿಗೆ ಬಂದು ದೊಡ್ಡಬಸವೇಶ್ವರನ ದರ್ಶನ ಮಾಡಿ, ನಮ್ಮ ಆಳಿನ ಮನೆಯಲ್ಲಿ ರೊಟ್ಟಿ ಉಂಡೆವು. ಆ ಕಡೆ ಮೆಣಸಿನಕಾಯಿ ಮುಖ್ಯ ಬೆಳೆಗಳಲ್ಲಿ ಒಂದು. 2021-22ರಲ್ಲಿ ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ನುಸಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನ ಹೊಲಗಳ ಹೂವನ್ನೆಲ್ಲ ಹಾಳುಗೆಡವಿದ್ದು ಸದಸ್ಯರಲ್ಲಿ ಅನೇಕರಿಗೆ ತಿಳಿದಿರಬಹುದು. ಹೂವಿನೊಳಗೆ ಅಡಗುವ ಆ ನುಸಿಗೆ ಯಾವ ಎಣ್ಣಿಯೂ ನಾಟದೆ, ರೈತರು ದಿನ ಬಿಟ್ಟು ದಿನ ಹೊಡೆದರು. ಎರಡು ಮೂರು ಬಗೆಯನ್ನು ಒಂದೇ ಟ್ಯಾಂಕಿಗೆ ಸುರಿದರು. ಅಳತೆಯನ್ನು ಡಬ್ಬಿಯ ಮುಚ್ಚಳದಲ್ಲಿ ಮಾಡಿದರು. ಅಂಥ ದಿನವೊಂದರಲ್ಲಿ ನಮ್ಮ ಆಳಿನ ಅಣ್ಣ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬರಿಗೈಯಲ್ಲಿ ಎಣ್ಣಿ ಕಲೆಸಿ ಹೊಡೆಯುತ್ತ ತಲೆಸುತ್ತಿ ಬಿದ್ದಿದ್ದನಂತೆ. ಬದುಕಿ ಉಳಿದ. ಆದರೆ ಈಗಲೂ ಎಣ್ಣಿಯ ವಾಸನೆ ಬಂದರೆ ಎದ್ದು ದೂರ ಹೋಗುತ್ತಾನೆ. ತಮ್ಮನಿಗೆ ನಮ್ಮ ಡ್ರಮ್ಮಿನ ಲೆಕ್ಕ ಹೊಳೆದದ್ದು ಹೇಗೆಂದು ಆಗ ನಮಗೆ ಅರ್ಥವಾಯಿತು. ಆ ಮನೆಯವರು ಅಳತೆಯ ಪಾಠವನ್ನು ಪುಸ್ತಕದಿಂದ ಕಲಿತವರಲ್ಲ.

ಮುಚ್ಚಳದ ಅಳತೆಯ ಅಪಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಡಬ್ಬಿಯ ಮುಚ್ಚಳದಂತೆ ಇನ್ನೊಂದರದು ಇರುವುದಿಲ್ಲ. ಅದಕ್ಕಿಂತ ದೊಡ್ಡದು, ಒಂದೇ ಹೆಸರಿನ ಮದ್ದು ಬೇರೆ ಬೇರೆ ಗಾಢತೆಯಲ್ಲಿ ಬರುತ್ತದೆ. ಇಮಿಡಾಕ್ಲೋಪ್ರಿಡ್ ಎಂಬ ಮದ್ದು ಶೇಕಡ 17.8ರ ದ್ರವವಾಗಿಯೂ ಸಿಗುತ್ತದೆ, ಶೇಕಡ 70ರ ಹರಳಾಗಿಯೂ ಸಿಗುತ್ತದೆ. ಹೆಸರು ಒಂದೇ ಎಂದು ಎರಡನ್ನೂ ಒಂದೇ ಅಳತೆಯಲ್ಲಿ ಹಾಕಿದರೆ ಎರಡನೆಯದರಲ್ಲಿ ಅಸಲು ವಿಷ ಹೆಚ್ಚುಕಡಿಮೆ ನಾಲ್ಕು ಪಟ್ಟು ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೆಸರಿನ ಜೊತೆಗೆ ಶೇಕಡ ಎಷ್ಟೆಂದು ಕೇಳಬೇಕು. ಡಬ್ಬಿಯ ಮೇಲಿನ ಬಣ್ಣದ ಗುರುತನ್ನೂ ನೋಡಬೇಕು. ಕೆಂಪು ಅತ್ಯಂತ ವಿಷಕಾರಿ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು.

ಮಹಾರಾಷ್ಟ್ರದ ಯವತಮಾಳದಲ್ಲಿ 2017ರಲ್ಲಿ ಹತ್ತಿ ಹೊಲಗಳಿಗೆ ಔಷಧಿ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಕೂಲಿಗೆ ಹೋದವರೂ ಇದ್ದರು. ಹತ್ತಿ ನಮ್ಮ ಬೆಳೆಯಲ್ಲ, ಯವತಮಾಳ ದೂರದ ಊರು ಎಂದು ಸುಮ್ಮನಿರುವುದು ಸರಿಯಲ್ಲ. ಕಾಸರಗೋಡಿನ ಗೇರು ತೋಟಗಳ ಎಂಡೋಸಲ್ಫಾನ್ ನಮ್ಮ ನೆರೆಯಲ್ಲೇ ಏನು ಮಾಡಿತೆಂಬುದನ್ನು ನಾವು ಕಂಡಿದ್ದೇವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯುವ ಹೊತ್ತಿಗೆ ಒಂದು ತಲೆಮಾರು ನೊಂದಿತ್ತು.

ಇನ್ನು ನಮ್ಮ ತೋಟಗಳ ಮಾತು. ಕಾಫಿಯ ಎಲೆ ತುಕ್ಕಿಗೆ ಶೇಕಡ 0.5ರ ಬೋರ್ಡೋ, ಕೊಳೆಗೆ ಶೇಕಡ 1ರದು. ಒಂದೇ ತೋಟದಲ್ಲಿ ಕಾಫಿಗೂ ಅಡಿಕೆಗೂ ಒಂದೇ ಡ್ರಮ್ಮಿನಿಂದ ಹೊಡೆಯುವ ಪರಿಪಾಠ ನಮ್ಮಲ್ಲಿ ಅನೇಕರದು. 200 ಲೀಟರಿಗೆ ಮೊದಲನೆಯದಕ್ಕೆ ತಲಾ 1 ಕಿಲೋ, ಎರಡನೆಯದಕ್ಕೆ ತಲಾ 2 ಕಿಲೋ ಎಂಬುದನ್ನು ಕಲೆಸುವವನ ಕಣ್ಣೆದುರಿಗೆ ಬರೆದು ಅಂಟಿಸಿದವರು ಎಷ್ಟು ಮಂದಿ? ಸುಣ್ಣ ಹಳೆಯದಾಗಿ ಪುಡಿಯಾಗಿದ್ದರೆ ತೂಕ ಸರಿಯಿದ್ದರೂ ಬಲ ಇರುವುದಿಲ್ಲ. ಉಜ್ಜಿ ತೊಳೆದ ಕತ್ತಿಯನ್ನು ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸುವ ಪರೀಕ್ಷೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಅದನ್ನು ಮಾಡುವವರು ಈಗ ಕಡಿಮೆಯಾಗುತ್ತಿದ್ದಾರೆ. ಪಂಪಿನ ಒತ್ತಡವನ್ನೂ ಮನಬಂದಂತೆ ಏರಿಸುತ್ತಾರೆ. ಒತ್ತಡ ನಾಲ್ಕು ಪಟ್ಟಾದರೆ ನಳಿಕೆಯಿಂದ ಹೊರಬರುವ ದ್ರಾವಣ ಎರಡು ಪಟ್ಟಾಗುತ್ತದೆ. ಹನಿ ನುಣ್ಣಗಾಗಿ ಗಾಳಿಗೆ ತೇಲಿ ಹೊಡೆಯುವವನ ಮುಖಕ್ಕೇ ಬರುತ್ತದೆ. ನಳಿಕೆಯ ತೂತು ಸವೆದರೂ ಹೆಚ್ಚು ಸುರಿಯುತ್ತದೆ. ನಳಿಕೆಯನ್ನು ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದರೆ ಇದು ತಿಳಿಯುತ್ತದೆ. ಹನಿ ನೀರಾವರಿಗೆ ವೆಂಚುರಿಯಿಂದ ಗೊಬ್ಬರ ಬಿಡುವ ಸದಸ್ಯರು ಬಳ್ಳಾರಿಯ ಆ ಸಾಬೂನಿನ ಡಬ್ಬಿಯನ್ನು ನೆನೆಯಬೇಕು. ಲೆಕ್ಕ ಅದೇ; ಒತ್ತಡ ಬದಲಾದರೆ ಎಳೆಯುವ ಪ್ರಮಾಣವೂ ಬದಲಾಗುತ್ತದೆ.

"ನಮ್ಮ ಅಪ್ಪ, ಅಜ್ಜ ಕಣ್ಣಳತೆಯಲ್ಲೇ ಮಾಡಿದರು, ತೋಟ ಹಾಳಾಯಿತೇ?" ಎಂದು ಕೆಲವರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಅಜ್ಜನ ಕಾಲದಲ್ಲಿ ಇದ್ದದ್ದು ಒಂದೇ ಮದ್ದು, ಒಂದೇ ಪಾತ್ರೆ, ಅದೇ ಕೊನೆಗಾರ. ವರ್ಷಾನುಗಟ್ಟಲೆ ಪಳಗಿದ ಕಣ್ಣಿಗೆ ಅಳತೆ ತಪ್ಪುತ್ತಿರಲಿಲ್ಲ. ಈಗ ಮದ್ದು ಹತ್ತಾರು, ಡ್ರಮ್ಮು ವರ್ಷಕ್ಕೊಂದು, ಆಳು ದಿನಕ್ಕೊಬ್ಬ. ಕಣ್ಣು ಪಳಗಲು ಅವಕಾಶವೆಲ್ಲಿದೆ? ಕೊಳ್ಳುವವರೂ ಅಜ್ಜನ ಕಾಲದವರಲ್ಲ. ಯೂರೋಪಿನ ಒಕ್ಕೂಟ ಅನೇಕ ಔಷಧಿಗಳ ಶೇಷಕ್ಕೆ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. 50 ಕಿಲೋ ಕಾಫಿಯ ಒಂದು ಮೂಟೆಯಲ್ಲಿ ಅರ್ಧ ಮಿಲಿಗ್ರಾಂ! ಅಷ್ಟು ಸೂಕ್ಷ್ಮವಾಗಿ ಅಳೆಯುವವರಿಗೆ ಮಾಲು ಮಾರುವ ನಾವು ಮುಚ್ಚಳದಲ್ಲಿ ಅಳೆಯುತ್ತ ಕುಳಿತರೆ ಹೇಗೆ?

ರೈತನೊಬ್ಬನನ್ನೇ ತಪ್ಪಿತಸ್ಥನನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಚೀಟಿಯ ಅಕ್ಷರ ಓದಲು ಬರುವಷ್ಟು ದೊಡ್ಡದಾಗಿ ಕನ್ನಡದಲ್ಲಿ ಇರಬೇಕು; ಪ್ರಮಾಣವನ್ನು ಹೆಕ್ಟೇರಿನ ಜೊತೆಗೆ ಎಕರೆಗೂ ಬರೆಯಬೇಕು; ಪ್ರತಿ ಡಬ್ಬಿಯ ಜೊತೆಗೆ ಗೆರೆ ಹಾಕಿದ ಅಳತೆ ಲೋಟ ಇರಬೇಕು. ಇದನ್ನು ತಯಾರಕರಿಂದಲೂ ಸರ್ಕಾರದಿಂದಲೂ ಒತ್ತಾಯಿಸಿ ಪಡೆಯುವುದು ಸಹಕಾರಿ ಸಂಸ್ಥೆಗಳ ಕರ್ತವ್ಯವೆಂಬುದು ನಮ್ಮ ದೃಢ ಅಭಿಪ್ರಾಯ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದ ಮಳಿಗೆಯೇ ಇಷ್ಟು ವರ್ಷ ಮದ್ದು ಕೊಟ್ಟು ರಸೀತಿ ಹರಿದದ್ದಲ್ಲದೆ ಅಳತೆ ಬರೆದು ಕೊಟ್ಟದ್ದಿಲ್ಲ. ಕಾರ್ಯದರ್ಶಿಯಾಗಿ ಅದರ ಹೊಣೆ ನಮ್ಮದೇ. ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆಗಳನ್ನು ಇಡುತ್ತಿದ್ದೇವೆ. ಮೊದಲನೆಯದು, ಮದ್ದಿನ ರಸೀತಿಯ ಹಿಂದೆ ಎಕರೆಗೆ ಎಷ್ಟು, 16 ಲೀಟರಿಗೆ ಎಷ್ಟು, 200 ಲೀಟರಿಗೆ ಎಷ್ಟು ಎಂದು ಕನ್ನಡದಲ್ಲಿ ಬರೆದು ಕೊಡುವುದು. ಎರಡನೆಯದು, ಅಳತೆ ಲೋಟ ಮತ್ತು ಕೈಚೀಲಗಳನ್ನು ಅಸಲು ಬೆಲೆಗೆ ಒದಗಿಸುವುದು. ಮೂರನೆಯದು, ಮಳೆ ಹಿಡಿಯುವ ಮುನ್ನ ಸಿಂಪರಣೆಯ ಆಳುಗಳಿಗೆ ಒಂದು ದಿನದ ಶಿಬಿರ. ಆ ದಿನದ ಕೂಲಿಯನ್ನು ತೋಟದವರು ಕೊಡತಕ್ಕದ್ದು.

ಸದಸ್ಯರು ತಮ್ಮ ಮಟ್ಟಿಗೆ ಮಾಡಬಹುದಾದ ಕೆಲಸ ಇನ್ನೂ ಸುಲಭ. ಡ್ರಮ್ಮಿಗೆ ಲೀಟರಿನ ಕೊಡದಿಂದ ಅಳೆದು ನೀರು ತುಂಬಿ, 100 ಮತ್ತು 200 ಲೀಟರಿನ ಮಟ್ಟದಲ್ಲಿ ಬಣ್ಣದ ಗೆರೆ ಎಳೆಯಿರಿ. ಒಂದು ಬೆಳಗಿನ ಕೆಲಸ. ನಾವು ನಮ್ಮ ಡ್ರಮ್ಮಿಗೆ ಎಳೆದಿದ್ದೇವೆ. ಗೆರೆಯನ್ನು ಎಳೆದವನು ಕುರುಗೋಡಿನ ಆ ಹುಡುಗನೇ.

ಸಿರುಗುಪ್ಪದ ಕಾಲುವೆಯ ದಂಡೆಯಲ್ಲಿ ನಿಂತಾಗ ಹೊಳೆದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆ ನೀರು ನಮ್ಮ ಊರಿನದು. ನಮ್ಮ ಬೆಟ್ಟಗಳಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಅವರ ಗದ್ದೆಗೆ ಹೋಗುತ್ತದೆ. ನಾವು ಹೆಚ್ಚಾಗಿ ಕಲೆಸಿ, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿ, ಡ್ರಮ್ಮು ತೊಳೆದ ನೀರು ಹರಿದು ಹೋಗುವುದು ಅದೇ ದಾರಿಯಲ್ಲಿ. ಬೇಕಾದಷ್ಟೇ ಕಲೆಸಿದರೆ ಚೆಲ್ಲುವ ಪ್ರಸಂಗವೇ ಬರುವುದಿಲ್ಲ. ಈ ಸಲಹೆಗಳ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು ಮುಂದಿನ ಸರ್ವಸದಸ್ಯರ ಸಭೆಗೆ ಮುನ್ನ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ